ಆವತ್ತು ನಾನು ಬಾಯಿ ಬಿಡಲಿಲ್ಲ. ಒಂದೂವರೆ ವರ್ಷ ಆದ ಮೇಲೆ ಹೇಳಿದರೆ ಯಾರಿಗೆ ಉಪಯೋಗ?

ತಡವಾದ_ಮಾತು
ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಆಫೀಸಿನಿಂದ ತಿಂಗಳ ಕೊನೆಗೆ ಒಂದು ವರದಿ ಹೋಗುತ್ತೆ. ಅಂಕಿ ತುಂಬುವುದು ನನ್ನ ಕೆಲಸ. ಜೋಡಿಸಿ ಕಳಿಸುವುದು ಹೊಸದಾಗಿ ಸೇರಿದ್ದ ಒಬ್ಬ ಹುಡುಗನ ಕೆಲಸ. ಅವನು ಗುತ್ತಿಗೆ ಮೇಲೆ ಇದ್ದ. ಆ ತಿಂಗಳು ಅವಸರದಲ್ಲಿ ನಾನು ಒಂದು ಕಾಲಂಗೆ ಹಿಂದಿನ ತಿಂಗಳ ಅಂಕಿಗಳನ್ನೇ ಅಂಟಿಸಿಬಿಟ್ಟಿದ್ದೆ. ಅವನಿಗೆ ಅನುಮಾನ ಬಂತು. ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಮೇಜಿನ ಹತ್ತಿರ ಬಂದ. "ಮೇಡಂ, ಈ ಕಾಲಂ ಒಮ್ಮೆ ನೋಡ್ತೀರಾ? ಹೋದ ತಿಂಗಳದೇ ಇದ್ದ ಹಾಗಿದೆ." ನಾನು ಫೋನಿನಲ್ಲಿ ಮಾತಾಡುತ್ತಿದ್ದೆ. ಪರದೆ ಕಡೆ ತಿರುಗಿ ಕೂಡ ನೋಡಲಿಲ್ಲ. "ಸರಿ ಇದೆ, ಕಳಿಸು" ಅಂದೆ.

ಮೂರು ದಿನ ಬಿಟ್ಟು ಮೀಟಿಂಗ್. ಒಂಬತ್ತು ಜನ ಇದ್ದೆವು. ಮ್ಯಾನೇಜರ್ ಕಾಗದ ಎತ್ತಿ ಹಿಡಿದು "ಇದನ್ನು ಕಳಿಸಿದ್ದು ಯಾರು?" ಅಂದರು. "ನಾನೇ ಸರ್" ಅಂದ ಅವನು. ಅಷ್ಟು ಹೇಳಿ ಒಂದೇ ಒಂದು ಸಲ ನನ್ನ ಕಡೆ ನೋಡಿದ. ಜಾಸ್ತಿ ಅಂದರೆ ನಾಲ್ಕು ಸೆಕೆಂಡು. ನನ್ನ ಗಂಟಲು ಒಣಗಿತ್ತು. ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ನಿನಿಂದ ಚೌಕ ಬರೆಯುತ್ತಾ ಕೂತೆ. ಚೌಕದ ಒಳಗೆ ಇನ್ನೊಂದು ಚೌಕ. ಅವನು ನನ್ನ ಹೆಸರು ಹೇಳಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿಗೂ ವಿಷಯ ಗೊತ್ತಿತ್ತು, ಆವತ್ತು ನಾನು "ಕಳಿಸು" ಅಂದದ್ದು ಅವರ ಕಿವಿಗೆ ಬಿದ್ದಿತ್ತು. ಅವರೂ ಸುಮ್ಮನಿದ್ದರು.

ಅವನ ಕಡತಕ್ಕೆ ಎಚ್ಚರಿಕೆ ಪತ್ರ ಸೇರಿತು. ಮೂರು ತಿಂಗಳ ನಂತರ ಗುತ್ತಿಗೆ ಮುಗಿದಾಗ ಮುಂದುವರಿಸಲಿಲ್ಲ. ಹೋಗುವ ದಿನ "ಬರ್ತೀನಿ ಮೇಡಂ" ಅಂತ ಹೇಳಿಯೇ ಹೋದ.

ಈಗ ನನಗೆ ಬಡ್ತಿ ಸಿಕ್ಕಿದೆ. ಹೋದ ವಾರ ಹೊಸದಾಗಿ ಬಂದ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು "ಮೇಡಂ, ಇದು ಸರಿ ಇದೆಯಾ?" ಅಂದಳು. ಎದೆ ಧಸಕ್ ಅಂತು. ಆವತ್ತಿನಿಂದ ನಿದ್ದೆ ಇಲ್ಲ.

ಅವನಿಗೆ ಹೇಳಬೇಕಾ? ಹೇಳಿದರೆ ಅದು ಅವನಿಗೋಸ್ಕರವಾ, ಇಲ್ಲ ನನ್ನ ನಿದ್ದೆಗೋಸ್ಕರವಾ? ಇನ್ನೊಂದು ವಿಷಯ. ನಾನು ಸುಳ್ಳು ಹೇಳುವ ಪೈಕಿ ಅಲ್ಲ ಅಂತ ಇಷ್ಟು ವರ್ಷ ನಂಬಿದ್ದೆ. ಹಾಗಾದರೆ ಆವತ್ತು ಕೂತಿದ್ದದ್ದು ಯಾರು?

ರಾತ್ರಿಪಾಳಿ
ಮೇಡಂ, ಹೇಳಿ. ಆದರೆ ಅವನಿಗೆ ಮಾತ್ರ ಅಲ್ಲ. ಸುಳ್ಳು ಎಲ್ಲಿ ಬರೆದಿದೆಯೋ ಅಲ್ಲೇ ತಿದ್ದಬೇಕು. ಅದು ಇರುವುದು ಆಫೀಸಿನ ಕಡತದಲ್ಲಿ. ಅವನ ಹತ್ತಿರ ಕ್ಷಮೆ ಕೇಳಿ ಕಡತವನ್ನು ಹಾಗೇ ಬಿಟ್ಟರೆ ನಿಮ್ಮ ಮನಸ್ಸು ಹಗುರ ಆಗುತ್ತೆ, ಅವನ ಹೆಸರು ಹಗುರ ಆಗುವುದಿಲ್ಲ.

ಹೊಸ_ಚಿಗುರು
ಮ್ಯಾನೇಜರ್ ವಿಚಾರಣೆ ಮಾಡದೆ ಎಚ್ಚರಿಕೆ ಪತ್ರ ಕೊಟ್ಟದ್ದೂ ತಪ್ಪೇ ಅಲ್ವಾ? ಎಲ್ಲಾ ಭಾರ ನೀವೊಬ್ಬರೇ ಯಾಕೆ ಹೊರಬೇಕು?

ತಡವಾದ_ಮಾತು
ತಪ್ಪೇ. ಆದರೆ ಅವರ ಪಾಲು ಅವರದು. ನಾನು ಇಲ್ಲಿ ಬಂದದ್ದು ನನ್ನ ಪಾಲಿಗೆ.

ಇಎಂಐ_ಅಪ್ಪ
ಎಲ್ಲರಿಗಿಂತ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಧೈರ್ಯದ ಮಾತು ಕೇಳಲು ಚೆನ್ನಾಗಿರುತ್ತೆ. ನನ್ನ ಮೇಲೆ ನಾಲ್ಕು ಜನರ ಹೊಟ್ಟೆಪಾಡು ನಿಂತಿದೆ, ತಿಂಗಳಾದರೆ ಸಾಲದ ಕಂತು. ಸತ್ಯ ಹೇಳಿ ಕೆಲಸ ಕಳೆದುಕೊಂಡರೆ ನನ್ನ ಮಕ್ಕಳಿಗೆ ಯಾರು ಉತ್ತರ ಕೊಡುತ್ತಾರೆ? ನಾನೂ ಎಷ್ಟೋ ಮೀಟಿಂಗಿನಲ್ಲಿ ಸುಮ್ಮನೆ ಕೂತಿದ್ದೇನೆ. ಅದನ್ನು ಹೇಡಿತನ ಅಂತ ಒಂದೇ ಏಟಿಗೆ ಹೇಳಿಬಿಡಬೇಡಿ. ಮೇಡಂ, ಒಂದೂವರೆ ವರ್ಷ ಆಗಿದೆ. ಅವನು ಬೇರೆ ಕಡೆ ಸೇರಿ ನೆಮ್ಮದಿಯಾಗಿರಬಹುದು. ಮುಂದೆ ಹೀಗೆ ಮಾಡಬೇಡಿ, ಅಷ್ಟು ಸಾಕು.

ಆ_ಕಡೆಯವನು
ನಾನು ಆ ಹುಡುಗನ ಜಾಗದಲ್ಲಿ ಕೂತಿದ್ದವನು. ಬೇರೆ ಊರು, ಬೇರೆ ಕೆಲಸ, ಕಥೆ ಇದೇ. ಹನ್ನೊಂದು ವರ್ಷ ಆಯ್ತು.

ಅಂದು ಬೈದ ಸಾಹೇಬರ ಮುಖ ಈಗ ಸರಿಯಾಗಿ ನೆನಪಿಲ್ಲ. ನೆನಪಿರುವುದು ಮೀಟಿಂಗ್ ಮುಗಿದ ಮೇಲೆ ಲಿಫ್ಟಿನ ಹತ್ತಿರ ಆದದ್ದು. ಒಬ್ಬರು ಬಂದು ಹೆಗಲ ಮೇಲೆ ಕೈ ಇಟ್ಟು ಪಿಸುಮಾತಿನಲ್ಲಿ ಹೇಳಿದರು, "ನಿನ್ನ ತಪ್ಪಲ್ಲ ಅಂತ ನನಗೆ ಗೊತ್ತು ಕಣಪ್ಪಾ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಕಾಲ ಕೆಳಗಿನ ನೆಲ ಕುಸಿದ ಹಾಗಾಯ್ತು. ಅಲ್ಲಿಯ ತನಕ ಯಾರಿಗೂ ಗೊತ್ತಿಲ್ಲ, ಅದಕ್ಕೇ ಯಾರೂ ಮಾತಾಡಲಿಲ್ಲ ಅಂದುಕೊಂಡಿದ್ದೆ. ಗೊತ್ತಿದ್ದೂ ಸುಮ್ಮನಿದ್ದರು ಅಂತ ಲಿಫ್ಟಿನ ಬಾಗಿಲಲ್ಲಿ ಗೊತ್ತಾಯ್ತು.

ನಂತರ ಒಂದು ಚಟ ಅಂಟಿಕೊಂಡಿತು. ಯಾವ ಮೇಲ್ ಕಳಿಸಿದರೂ ಕಳಿಸಿದ ಮೇಲೆ ಮೂರು ಸಲ ತೆರೆದು ಓದುವುದು. ಮೇಲಿನವರು "ಸರಿ ಇದೆ" ಅಂದರೂ ಬರವಣಿಗೆಯಲ್ಲಿ ಕೊಡಿ ಅನ್ನುವುದು. ನನ್ನನ್ನು ಸಂಶಯದ ಮನುಷ್ಯ ಅಂತಾರೆ. ನಾನು ಮೊದಲು ಹಾಗಿರಲಿಲ್ಲ.

ಹಾಗಾಗಿ ಇಎಂಐ_ಅಪ್ಪ ಅವರೇ, "ನೆಮ್ಮದಿಯಾಗಿರಬಹುದು" ಅನ್ನುವುದನ್ನು ಅವನ ಪರವಾಗಿ ನಾವು ತೀರ್ಮಾನ ಮಾಡುವುದು ಬೇಡ. ಮೇಡಂ, ದಯವಿಟ್ಟು ಲಿಫ್ಟಿನ ಹತ್ತಿರದ ಕ್ಷಮೆ ಕೇಳಬೇಡಿ. ಅವಮಾನ ಒಂಬತ್ತು ಜನರ ಮುಂದೆ ಆಗಿದೆ.

ಇಎಂಐ_ಅಪ್ಪ
ಸರ್, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಆ ಹೆಗಲ ಮೇಲೆ ಕೈ ಇಟ್ಟವನ ಕೆಲಸ ನಾನೂ ಮಾಡಿದ್ದೇನೆ. ಸಮಾಧಾನ ಹೇಳಿದೆ ಅಂದುಕೊಂಡಿದ್ದೆ.

ಪದದ_ಬೆನ್ನು
ನಾವು ಬಳಸುವ ಪದವನ್ನೇ ಒಮ್ಮೆ ನೋಡಿ. ಮನಸ್ಸಾಕ್ಷಿ. ಆತ್ಮಸಾಕ್ಷಿ. ಎರಡರಲ್ಲೂ ಇರುವುದು ಸಾಕ್ಷಿ, ನ್ಯಾಯಾಧೀಶ ಅಲ್ಲ. ಸಾಕ್ಷಿಯ ಕೆಲಸ ಶಿಕ್ಷೆ ಕೊಡುವುದಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳುವುದು. ಮೇಡಂ, ನಿಮಗೆ ನಿದ್ದೆ ಬರದಿರುವುದು ನೀವು ಕೆಟ್ಟವರು ಅಂತ ಒಳಗೆ ಯಾರೋ ತೀರ್ಪು ಕೊಟ್ಟಿದ್ದಕ್ಕಲ್ಲ. ಒಳಗಿರುವ ಸಾಕ್ಷಿ ಒಂದೂವರೆ ವರ್ಷದಿಂದ ಕಟಕಟೆಯಲ್ಲಿ ನಿಂತಿದೆ, ಇನ್ನೂ ಯಾರೂ ಕರೆದು ಕೇಳಿಲ್ಲ.

ಮೀಟಿಂಗಿನಲ್ಲಿ ನೀವು ಹೊರಗೂ ಸಾಕ್ಷಿಯೇ ಆಗಿದ್ದಿರಿ. ಆ ಎರಡು ಸಾಕ್ಷಿಗಳೂ ಒಂದೇ ಮಾತು ಹೇಳುವ ತನಕ ಈ ಸಂಕಟ ಹೋಗುವುದಿಲ್ಲ ಅಂತ ನನಗೆ ಅನ್ನಿಸುತ್ತೆ.

ಪಾಠದ_ಅಕ್ಕ
ನಾನು ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. "ಹಾಗಾದರೆ ಆವತ್ತು ಕೂತಿದ್ದದ್ದು ಯಾರು?" ಅಂತ ಕೇಳಿದಿರಲ್ಲ, ಅದಕ್ಕೆ ನನ್ನ ಉತ್ತರ. ಕೂತಿದ್ದದ್ದು ನೀವೇ. ನಿಮ್ಮ ಜಾಗದಲ್ಲಿ ತುಂಬಾ ಜನ ಹಾಗೇ ಕೂರುತ್ತಾರೆ. ನೆಪ ಹುಡುಕಿಕೊಡಲು ಇದನ್ನು ಹೇಳುತ್ತಿಲ್ಲ. ಯಾಕೆ ಹಾಗಾಗುತ್ತೆ ಅಂತ ತಿಳಿದರೆ ಮುಂದಿನ ಸಲ ಎಲ್ಲಿ ಎಡವುತ್ತೇವೆ ಅಂತ ಮೊದಲೇ ಕಾಣುತ್ತೆ.

ಸೊಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ 1951ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಅಷ್ಟೇ ಉದ್ದ ಅಂತ ಕೇಳುವುದು. ಚಿಕ್ಕ ಮಗುವೂ ಹೇಳುವಷ್ಟು ಸುಲಭ. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಕಡೆಯವರು. ಅವರು ಬೇಕೆಂದೇ ಒಟ್ಟಾಗಿ ತಪ್ಪು ಉತ್ತರ ಹೇಳುತ್ತಿದ್ದರು. ಆ ಒಬ್ಬ ಏನು ಮಾಡುತ್ತಾನೆ? ಸುಮಾರು ಮೂರರಲ್ಲಿ ಒಂದು ಸಲ ಅವರ ಜೊತೆ ಸೇರಿ ತಪ್ಪನ್ನೇ ಹೇಳಿದ. ಭಾಗವಹಿಸಿದವರಲ್ಲಿ ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಹಾಗೆ ಬಾಗಿದರು. ಯಾರೂ ಹೆದರಿಸಿರಲಿಲ್ಲ. ಕೆಲಸ ಹೋಗುವ ಭಯ ಇರಲಿಲ್ಲ. ಬರೀ ಒಂದು ಗೆರೆ.

ಇನ್ನು ಮುಖ್ಯವಾದ ಭಾಗ. ಆಶ್ ಆಮೇಲೆ ಆ ಗುಂಪಿನಲ್ಲಿ ಒಬ್ಬನೇ ಒಬ್ಬನಿಗೆ ಸರಿ ಉತ್ತರ ಹೇಳಲು ಹೇಳಿದರು. ಉಳಿದವರೆಲ್ಲ ಹಾಗೇ ತಪ್ಪು. ಆಗ ಬಾಗುವುದು ಮೊದಲಿದ್ದದ್ದರ ನಾಲ್ಕನೇ ಒಂದು ಪಾಲಿಗೆ ಇಳಿಯಿತು. ಬೇಕಾದದ್ದು ಒಂದು ಧ್ವನಿ, ಅಷ್ಟೇ.

ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಪ್ರಯೋಗದಲ್ಲೂ ಹೀಗೇ. ಎದುರು ಕೋಣೆಯವನಿಗೆ ಕರೆಂಟ್ ಶಾಕ್ ಕೊಡಿ ಅಂತ ಹೇಳುತ್ತಿದ್ದರು. ಶಾಕ್ ನಿಜವಾದದ್ದಲ್ಲ, ಕೊಡುವವರಿಗೆ ಅದು ಗೊತ್ತಿರಲಿಲ್ಲ. 40 ಜನರಲ್ಲಿ 26 ಜನ ಕೊನೆಯ 450 ವೋಲ್ಟಿನ ತನಕ ಹೋದರು. ಈ ಅಂಕಿ ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಹೇಳದ ಅಂಕಿ ಇನ್ನೊಂದಿದೆ. ಬೇರೆ 40 ಜನರ ಜೊತೆ ಇದನ್ನೇ ಮಾಡುವಾಗ, ಪಕ್ಕದಲ್ಲಿ ಕೂತ ಇಬ್ಬರು "ನಾವು ಮಾಡಲ್ಲ" ಅಂತ ಎದ್ದರು; ಆಗ ಕೊನೆ ತನಕ ಹೋದವರು 4 ಜನ ಮಾತ್ರ.

ಮೇಡಂ, ನಿಮ್ಮ ಪಕ್ಕದ ಮೇಜಿನವರಿಗೂ ಗೊತ್ತಿತ್ತು ಅಂದಿರಿ. ಅವರು ಸುಮ್ಮನಿದ್ದರು, ನೀವು ಚೌಕ ಬರೆಯುತ್ತಿದ್ದಿರಿ. ಇಬ್ಬರೂ ಇನ್ನೊಬ್ಬರು ಶುರು ಮಾಡಲಿ ಅಂತ ಕಾದಿದ್ದಿರಬಹುದು.

ಹೊಸ_ಚಿಗುರು
ಅಕ್ಕಾ, ಹಾಗಾದರೆ ಸುಮ್ಮನಿರುವವರಿಗೆ ಒಳಗೆ ಏನೂ ಅನ್ನಿಸುವುದೇ ಇಲ್ವಾ?

ಪಾಠದ_ಅಕ್ಕ
ಅನ್ನಿಸುತ್ತೆ ಪುಟ್ಟಾ, ತುಂಬಾ ಅನ್ನಿಸುತ್ತೆ. ಡಾರ್ಲಿ ಮತ್ತು ಲಟಾನೆ ಅನ್ನುವ ಇಬ್ಬರು 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಟರ್‌ಕಾಮಿನಲ್ಲಿ ಒಬ್ಬರಿಗೆ ಮೂರ್ಛೆ ಬಂದ ಸದ್ದು ಕೇಳಿಸುತ್ತಿತ್ತು. ತಾನೊಬ್ಬನೇ ಕೇಳುತ್ತಿದ್ದೇನೆ ಅಂದುಕೊಂಡವರಲ್ಲಿ 85% ಜನ ಆ ಸದ್ದು ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಅಂದುಕೊಂಡಾಗ 31%. ಆದರೆ ಏಳದೆ ಕೂತವರ ಕೈ ನಡುಗುತ್ತಿತ್ತು, ಅಂಗೈ ಬೆವತಿತ್ತು. ಬಾಗಿಲು ತೆರೆದು ಒಳಗೆ ಬಂದವರನ್ನು ಅವರು ಕೇಳಿದ್ದು "ಅವನು ಚೆನ್ನಾಗಿದ್ದಾನಾ?" ಅಂತ. ಅವರು ಕಲ್ಲುಮನಸ್ಸಿನವರಲ್ಲ. ಹೋಗಲೋ ಬೇಡವೋ ಅನ್ನುವುದರಲ್ಲೇ ಸಿಕ್ಕಿಕೊಂಡಿದ್ದರು.

ರಾತ್ರಿಪಾಳಿ
ಅದಕ್ಕೇ ನನಗೆ "ಎರಡನೆಯವನು" ಅನ್ನುವುದು ದೊಡ್ಡ ಮಾತು ಅನ್ನಿಸುತ್ತೆ. 1968ರ ಮಾರ್ಚ್ 16. ವಿಯೆಟ್ನಾಮಿನ ಮೈ ಲಾಯ್ ಹಳ್ಳಿ. ಅಮೆರಿಕದ ಸೈನಿಕರು ನಿರಾಯುಧ ಹಳ್ಳಿಗರನ್ನು ಕೊಲ್ಲುತ್ತಿದ್ದರು. ಹ್ಯೂ ಥಾಂಪ್ಸನ್ ಅನ್ನುವ ಹೆಲಿಕಾಪ್ಟರ್ ಪೈಲಟ್, ಅವನೂ ಅದೇ ಸೇನೆಯವನು, ಮೇಲಿನಿಂದ ನೋಡಿದ. ತಡೆಯಲಾರದೆ ತನ್ನ ಸೈನಿಕರಿಗೂ ಓಡುತ್ತಿದ್ದ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ಈ ಕಥೆ ಹೇಳುವಾಗ ಎಲ್ಲರೂ ಅವನ ಹೆಸರು ಹೇಳುತ್ತಾರೆ. ಅವನ ಜೊತೆ ಇಬ್ಬರಿದ್ದರು, ಗ್ಲೆನ್ ಆಂಡ್ರಿಯೊಟ್ಟಾ ಮತ್ತು ಲಾರೆನ್ಸ್ ಕೋಲ್ಬರ್ನ್. ನಮ್ಮವರೇ ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ಅವರ ಮೇಲೆ ಹಾರಿಸಿ ಅಂತ ಥಾಂಪ್ಸನ್ ಅವರಿಗೆ ಹೇಳಿ ಕೆಳಗಿಳಿದ. ಅವರು ಅವನ ಬೆನ್ನಿಗೆ ನಿಂತರು. ಆಂಡ್ರಿಯೊಟ್ಟಾ ಹೆಣಗಳು ತುಂಬಿದ್ದ ಕಾಲುವೆಗೆ ಇಳಿದು, ಜೀವ ಇದ್ದ ಒಂದು ಮಗುವನ್ನು ಎತ್ತಿ ತಂದ. ಮೂರೇ ವಾರದಲ್ಲಿ ಅವನೂ ಯುದ್ಧದಲ್ಲಿ ಸತ್ತ. ಮೂವರಿಗೂ ಪದಕ ಕೊಟ್ಟದ್ದು 1998ರಲ್ಲಿ, 30 ವರ್ಷ ಕಳೆದ ಮೇಲೆ.

ಥಾಂಪ್ಸನ್ ಆಗುವುದು ಎಲ್ಲರಿಗೂ ಆಗದಿರಬಹುದು. ಇಳಿದವನ ಬೆನ್ನಿಗೆ ನಿಲ್ಲುವುದು?

ಇಎಂಐ_ಅಪ್ಪ
ಇಂಥ ದೊಡ್ಡ ಕಥೆಗಳು ನನ್ನಂಥವರನ್ನು ಇನ್ನೂ ಕುಗ್ಗಿಸುತ್ತವೆ ಸರ್. ಹೆಲಿಕಾಪ್ಟರ್ ಎಲ್ಲಿ, ನನ್ನ ಮೀಟಿಂಗ್ ರೂಮ್ ಎಲ್ಲಿ. ಆದರೆ ಬೆನ್ನಿಗೆ ನಿಲ್ಲುವ ಮಾತು ತಲೆಗೆ ಹೋಯಿತು. ಮೊದಲು ಎದ್ದು ನಿಲ್ಲುವ ಶಕ್ತಿ ನನಗಿಲ್ಲ. ಯಾರಾದರೂ ಎದ್ದರೆ "ಹೌದು, ಅವರು ಹೇಳ್ತಿರೋದು ನಿಜ" ಅನ್ನುವಷ್ಟು ಇದೆ ಅನ್ನಿಸುತ್ತೆ.

ಪಾಠದ_ಅಕ್ಕ
ಅಣ್ಣಾ, ಅದು ಸಣ್ಣದಲ್ಲ. ಆಶ್ ಪ್ರಯೋಗದಲ್ಲಿ ಬಾಗುವುದನ್ನು ಅಷ್ಟು ಕಡಿಮೆ ಮಾಡಿದ್ದು ಅಂಥ ಒಂದು ಧ್ವನಿಯೇ.

ಹಳೆ_ಗುಮಾಸ್ತ
ನಿವೃತ್ತನಾಗಿ ಆರು ವರ್ಷ. ಇಎಂಐ_ಅಪ್ಪ ಅವರ ಭಯವನ್ನು ನಾನು ಹಗುರ ಮಾಡುವುದಿಲ್ಲ. ಮನೆ ಜವಾಬ್ದಾರಿ ಇರುವವನು ಲೆಕ್ಕ ಹಾಕಲೇಬೇಕು. ನನ್ನ ಅನುಭವದಲ್ಲಿ ತಪ್ಪಾಗುವುದು ಲೆಕ್ಕ ಹಾಕಿದ್ದರಿಂದಲ್ಲ, ಲೆಕ್ಕವನ್ನು ಪೂರ್ತಿ ಹಾಕದೇ ಇದ್ದದ್ದರಿಂದ. "ಹೇಳಿದರೆ ಕೆಲಸ ಹೋಗುತ್ತೆ" ಅಂತ ಮನಸ್ಸು ಒಂದೇ ಸಲಕ್ಕೆ ಕೊನೆಯ ಮೆಟ್ಟಿಲಿಗೆ ಹಾರುತ್ತೆ. ಕಾಗದದ ಮೇಲೆ ಬರೆದು ನೋಡಿ. ನಿಜವಾಗಿ ಏನು ಹೋಗುತ್ತೆ? ಈ ತಂಗಿಯ ವಿಷಯದಲ್ಲಿ ಆವತ್ತೇ ಹೇಳಿದ್ದರೆ ಏನಾಗುತ್ತಿತ್ತು? ಐದು ನಿಮಿಷ ಬೈಗುಳ. ಒಂದು ವಾರ ಮುಜುಗರ. ಜಾಸ್ತಿ ಅಂದರೆ ಬಡ್ತಿ ಒಂದು ವರ್ಷ ತಡ. ಅವನಿಗೆ ಹೋದದ್ದು ಕೆಲಸ. ಎರಡನ್ನೂ ಪಕ್ಕಪಕ್ಕ ಬರೆದಾಗ ಕಾಣುವುದು ಬೇರೆ.

ಇನ್ನು ಕೆಲವು ವಿಷಯಗಳಲ್ಲಿ ನಿಜವಾಗಿಯೂ ಎಲ್ಲವೂ ಹೋಗುತ್ತೆ. ದುಡ್ಡಿನ ದೊಡ್ಡ ಮೋಸ, ಜನರ ಜೀವಕ್ಕೆ ಅಪಾಯ, ಅಂಥವು. ಅಲ್ಲಿ ಎದ್ದು ನಿಂತು ಕೂಗುವುದಕ್ಕಿಂತ ಮೊದಲು ದಾಖಲೆ ಜೋಪಾನ ಮಾಡಿ, ಕಾನೂನು ಬಲ್ಲವರ ಹತ್ತಿರ ಮಾತಾಡಿ, ಒಬ್ಬರನ್ನಾದರೂ ಜೊತೆಗೆ ಹಾಕಿಕೊಂಡು ಹೋಗಬೇಕು. ಅದು ಹೇಡಿತನ ಅಲ್ಲ.

ತಂಗಿ, ನಿನಗೆ ಇನ್ನೊಂದು ಮಾತು. "ನಾನು ಕೆಟ್ಟ ಕೆಲಸ ಮಾಡಿದೆ" ಅನ್ನುವುದು ಬೇರೆ, "ನಾನೇ ಕೆಟ್ಟವಳು" ಅನ್ನುವುದು ಬೇರೆ. ಮೊದಲನೆಯದು ಮನುಷ್ಯನನ್ನು ಎಬ್ಬಿಸಿ ಕಳಿಸುತ್ತೆ. ಎರಡನೆಯದು ಮೂಲೆಗೆ ಕೂರಿಸುತ್ತೆ. ನಾನು ಎರಡನೆಯದರಲ್ಲಿ ವರ್ಷಗಟ್ಟಲೆ ಕೂತಿದ್ದೇನೆ. ನನ್ನ ವಿಷಯದಲ್ಲಿ ನಾನು ಹೇಳಬೇಕಾಗಿದ್ದ ವ್ಯಕ್ತಿ ತೀರಿಕೊಂಡರು. ಹೋಗಿ ಅವರ ಮಗನ ಹತ್ತಿರ ಹೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದು, "ಅಪ್ಪನಿಗೆ ಗೊತ್ತಿದ್ದಿದ್ದರೆ ಚೆನ್ನಾಗಿತ್ತು" ಅಂದ. ಅಷ್ಟೇ ಅಂದ.

ಪಾಠದ_ಅಕ್ಕ
ಹಿರಿಯರು ಹೇಳಿದ ಆ ವ್ಯತ್ಯಾಸವನ್ನು ಜೂನ್ ಟ್ಯಾಂಗ್ನಿ ಅನ್ನುವ ಸಂಶೋಧಕಿ ತುಂಬಾ ವರ್ಷ ಅಧ್ಯಯನ ಮಾಡಿದ್ದಾರೆ. ಮಾಡಿದ ಕೆಲಸಕ್ಕೆ ನೊಂದವರು ಸರಿಪಡಿಸಲು ಹೊರಡುತ್ತಾರೆ. ತಾನೇ ಕೆಟ್ಟವನು ಅಂದುಕೊಂಡವರು ಮುಖ ಮುಚ್ಚಿಕೊಳ್ಳುತ್ತಾರೆ, ಇಲ್ಲ ಇನ್ನೊಬ್ಬರ ಮೇಲೆ ಹಾಕುತ್ತಾರೆ. ಹಿರಿಯರೇ, ನಿಮ್ಮ ಕೊನೆಯ ಸಾಲು ಓದಿ ಕಣ್ಣು ತುಂಬಿ ಬಂತು.

ತಡವಾದ_ಮಾತು
ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಆ_ಕಡೆಯವನು ಸರ್, ನಿಮ್ಮ ಲಿಫ್ಟಿನ ಮಾತು ತಲೆಯಿಂದ ಹೋಗುತ್ತಿಲ್ಲ. ಅವನಿಗೆ ಕಳಿಸಲು ಹೀಗೆ ಬರೆದಿದ್ದೇನೆ. ತಿದ್ದಿ ಕೊಡಿ.

"ಹೇಗಿದ್ದೀಯಾ? ತುಂಬಾ ದಿನ ಆಯ್ತು. ಆ ವರದಿ ವಿಷಯ ನಿನಗೆ ನೆನಪಿರಬಹುದು. ಆವತ್ತು ನನಗೂ ತುಂಬಾ ಒತ್ತಡ ಇತ್ತು, ಮನೆಯಲ್ಲೂ ಸರಿ ಇರಲಿಲ್ಲ. ಪರಿಸ್ಥಿತಿ ಹಾಗೆ ಬಂದುಬಿಟ್ಟಿತು. ತಪ್ಪಾಯ್ತು. ನಿನಗೆ ನೋವಾಗಿದ್ದರೆ ಕ್ಷಮಿಸು. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಕ್ಷಮಿಸಿದೆ ಅಂತ ನೀನು ಒಂದು ಮಾತು ಹೇಳಿದರೆ ನನಗೆ ನೆಮ್ಮದಿ."

ಆ_ಕಡೆಯವನು
ಮೇಡಂ, ನೋಯಿಸಲು ಹೇಳುತ್ತಿಲ್ಲ. ಇದು ನನ್ನ ಕೈಗೆ ಬಂದಿದ್ದರೆ ನನಗೆ ಹೇಗನ್ನಿಸುತ್ತಿತ್ತು ಅಂತ ಹೇಳುತ್ತೇನೆ.

"ನೆನಪಿರಬಹುದು." ಇರಬಹುದು ಅಲ್ಲ ಮೇಡಂ, ಇರುತ್ತೆ. ನಿಮ್ಮ ಒತ್ತಡ, ನಿಮ್ಮ ಮನೆ. ಆವತ್ತು ಅವನ ಮನೆಯಲ್ಲಿ ಏನಿತ್ತೋ ನಿಮಗೆ ಗೊತ್ತಿಲ್ಲ, ತೆಗೆದುಬಿಡಿ. "ನೋವಾಗಿದ್ದರೆ." ಈ "ದ್ದರೆ" ಓದಿದ ತಕ್ಷಣ ನಾನಾದರೆ ಫೋನ್ ಕೆಳಗೆ ಇಡುತ್ತಿದ್ದೆ. ಕೊನೆಗೆ, ಕ್ಷಮಿಸಿದೆ ಅನ್ನು ಅಂತ ಕೇಳಿದ್ದೀರಿ. ಒಮ್ಮೆ ಅವನು ನಿಮ್ಮನ್ನು ಕಾಪಾಡಿದ್ದಾನೆ, ಹೆಸರು ಹೇಳದೆ. ಈಗ ನಿಮ್ಮ ನಿದ್ದೆಯನ್ನೂ ಅವನೇ ಕಾಪಾಡಬೇಕಾ?

ಇಡೀ ಪತ್ರದಲ್ಲಿ ತಪ್ಪು ಏನು ಅಂತ ಎಲ್ಲೂ ಬರೆದಿಲ್ಲ. ಯಾರು ಅಂಟಿಸಿದ್ದು, ಯಾರು ನೋಡದೆ ಕಳಿಸು ಅಂದದ್ದು, ಯಾರು ಸುಮ್ಮನೆ ಕೂತದ್ದು. ಅದೇ ಇಲ್ಲ.

ಪದದ_ಬೆನ್ನು
"ತಪ್ಪಾಯ್ತು" ಅನ್ನುವುದರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ದಿನಕ್ಕೆ ಹತ್ತು ಸಲ ಬಳಸುವ ಮಾತು, ಯಾರ ಕಾಲನ್ನೋ ತುಳಿದಾಗ ಅದು ಸಾಕು. ಆದರೆ ಅದರಲ್ಲಿ ಮಾಡಿದವರು ಇಲ್ಲ. ಮಳೆ ಬಂತು, ಕತ್ತಲಾಯ್ತು, ತಪ್ಪಾಯ್ತು. ತಾನಾಗಿಯೇ ಆದ ಹಾಗೆ. "ಪರಿಸ್ಥಿತಿ ಬಂದುಬಿಟ್ಟಿತು" ಕೂಡ ಹಾಗೇ. "ತಪ್ಪು ಮಾಡಿದೆ" ಅಂತ ಜೋರಾಗಿ ಒಮ್ಮೆ ಹೇಳಿ ನೋಡಿ. ನಾಲಿಗೆ ಎಷ್ಟು ಹಿಂದೆಮುಂದೆ ನೋಡುತ್ತೆ ಅಂತ ನಿಮಗೇ ಗೊತ್ತಾಗುತ್ತೆ.

ಹಳೆ_ಗುಮಾಸ್ತ
ಗಾಂಧೀಜಿ ಹುಡುಗನಾಗಿದ್ದಾಗ ಅಣ್ಣನ ತೋಳಬಂದಿಯಿಂದ ಚೂರು ಬಂಗಾರ ಕದ್ದದ್ದು ನಿಮಗೆಲ್ಲ ಗೊತ್ತಿರುತ್ತೆ. ಆಗ ಸುಮಾರು 15 ವರ್ಷ. ಬಾಯಲ್ಲಿ ಹೇಳಲು ಆಗದೆ ಚೀಟಿ ಬರೆದು, ಕಾಯಿಲೆ ಬಿದ್ದು ಮಲಗಿದ್ದ ತಂದೆಯ ಕೈಗೆ ನಡುಗುತ್ತಾ ಕೊಟ್ಟರು. ತಂದೆ ಎದ್ದು ಕೂತು ಓದಿದರು. ಕಣ್ಣೀರು ಕಾಗದದ ಮೇಲೆ ಬಿತ್ತು. ಚೀಟಿ ಹರಿದು ಹಾಕಿ ಮತ್ತೆ ಮಲಗಿದರು.

ಆ ಚೀಟಿಯಲ್ಲಿ ಏನೇನಿತ್ತು ನೋಡಿ. ಕದ್ದದ್ದು ನಾನು. ತಕ್ಕ ಶಿಕ್ಷೆ ಕೊಡಿ. ನನ್ನ ತಪ್ಪಿಗೆ ನಿಮ್ಮನ್ನು ನೀವು ದಂಡಿಸಿಕೊಳ್ಳಬೇಡಿ. ಇನ್ನು ಕದಿಯುವುದಿಲ್ಲ. ಅಂಥ ಪತ್ರ ಬರೆಯಮ್ಮಾ.

ಹೊಸ_ಚಿಗುರು
ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಆ ನಾಲ್ಕು ಸೆಕೆಂಡಿನಲ್ಲೇ ಬಾಯಿ ಬಿಡುವುದನ್ನು ಕಲಿಯುವುದು ಹೇಗೆ? ನಾನು ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಯಾರಾದರೂ ಸ್ವಲ್ಪ ಜೋರಾಗಿ ಮಾತಾಡಿದರೆ ನನ್ನ ತಲೆ ಖಾಲಿ ಆಗುತ್ತೆ. ಸರಿ ಯಾವುದು ಅಂತ ರಾತ್ರಿ ಹಾಸಿಗೆಯಲ್ಲಿ ಹೊಳೆಯುತ್ತೆ.

ರಾತ್ರಿಪಾಳಿ
ವಾಕ್ಯ ಮೊದಲೇ ಸಿದ್ಧ ಇಟ್ಟುಕೋ ತಮ್ಮಾ. ಆ ಹೊತ್ತಿನಲ್ಲಿ ಹೊಸ ಮಾತು ಹುಟ್ಟುವುದಿಲ್ಲ. ನನ್ನದು ಇದು: "ಒಂದು ನಿಮಿಷ, ಇದರಲ್ಲಿ ನನ್ನದೂ ಇದೆ." ಅಷ್ಟೇ. ವಿವರ ಆಮೇಲೆ. ಮೊದಲ ಸಲ ಹೇಳಿದಾಗ ಧ್ವನಿ ಎಷ್ಟು ಸಣ್ಣಗಿತ್ತು ಅಂದರೆ "ಏನು?" ಅಂತ ಮತ್ತೆ ಕೇಳಿದರು. ಎರಡನೇ ಸಲ ಹೇಳಲೇಬೇಕಾಯ್ತು. ಮೊದಲ ಪದ ಹೊರಗೆ ಬಂದರೆ ಉಳಿದದ್ದು ಹೇಗೋ ಬರುತ್ತೆ.

ಪಾಠದ_ಅಕ್ಕ
ರಾತ್ರಿಪಾಳಿ ಹೇಳಿದ್ದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಪೀಟರ್ ಗೋಲ್‌ವಿಟ್ಜರ್ ಅನ್ನುವವರು ತೋರಿಸಿದ್ದು ಇಷ್ಟು. "ಧೈರ್ಯವಾಗಿರುತ್ತೇನೆ" ಅನ್ನುವ ಸಂಕಲ್ಪಕ್ಕಿಂತ "ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ" ಅನ್ನುವುದು ಕಾರ್ಯಕ್ಕೆ ಇಳಿಯುವುದು ಜಾಸ್ತಿ. ನನ್ನ ತಪ್ಪಿಗೆ ಇನ್ನೊಬ್ಬರ ಹೆಸರು ಬಂದರೆ, ಕೈ ಎತ್ತುತ್ತೇನೆ. ಮೊದಲು ಕೈ, ಆಮೇಲೆ ಮಾತು. ಕೈ ಎತ್ತಿದ ಮೇಲೆ ಎಲ್ಲರೂ ತಿರುಗಿ ನೋಡುತ್ತಾರೆ, ಸುಮ್ನೆ ಇಳಿಸಲು ಆಗುವುದಿಲ್ಲ.

ಸಣ್ಣ ವಿಷಯದಲ್ಲೇ ಶುರು ಮಾಡು. ಮೇಲ್ ಕಳಿಸಲು ಮರೆತೆಯಾ? "ಮರೆತೆ" ಅನ್ನು. "ನೆಟ್‌ವರ್ಕ್ ಇರಲಿಲ್ಲ" ಅನ್ನಬೇಡ. ಯಾರಿಗೂ ನಷ್ಟ ಇಲ್ಲದ ಇಂಥ ಸಣ್ಣ ಸುಳ್ಳುಗಳಲ್ಲೇ ನಾಲಿಗೆಗೆ ಜಾರುವುದು ಅಭ್ಯಾಸ ಆಗುತ್ತೆ.

ಇಎಂಐ_ಅಪ್ಪ
"ನೆಟ್‌ವರ್ಕ್ ಇರಲಿಲ್ಲ." ಇವತ್ತು ಬೆಳಿಗ್ಗೆ ನಾನೇ ಹೇಳಿದ್ದು. ನಾಳೆಯಿಂದ ನೋಡುತ್ತೇನೆ.

ತಡವಾದ_ಮಾತು
ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮೊದಲು ಮ್ಯಾನೇಜರ್ ಹತ್ತಿರ ಹೋದೆ. ಬಾಗಿಲ ಹೊರಗೆ ನಿಂತು "ತಪ್ಪು ಮಾಡಿದೆ, ತಪ್ಪು ಮಾಡಿದೆ" ಅಂತ ತುಟಿ ಆಡಿಸುತ್ತಿದ್ದೆ. ಒಳಗೆ ಹೋಗಿ ಕೂರುವ ಮೊದಲೇ ಹೇಳಿಬಿಟ್ಟೆ, ಕೂತರೆ ಬೇರೆ ಮಾತು ಶುರುವಾಗುತ್ತೆ ಅಂತ ಭಯ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಈಗ ಯಾಕೆ ಹೇಳ್ತಿದ್ದೀರಿ? ಮುಗಿದ ಕಥೆ" ಅಂದರು. "ಅವನ ಕಡತದಲ್ಲಿ ಇನ್ನೂ ಮುಗಿದಿಲ್ಲ ಸರ್" ಅಂದೆ. ಬರೆದು ಕೊಡಿ ಅಂದರು. ಕೊಟ್ಟೆ. ಎಚ್‌ಆರ್‌ಗೂ ಒಂದು ಪ್ರತಿ ಕೊಟ್ಟೆ.

ಪಕ್ಕದ ಮೇಜಿನವರಿಗೆ ಮೊದಲೇ ಹೇಳಿದ್ದೆ. ಅವರು ಆವತ್ತು ಸಂಜೆ ತಾವಾಗಿಯೇ ಬಂದು, "ನಾನೂ ಕೇಳಿಸಿಕೊಂಡಿದ್ದೆ ಅಂತ ಕೆಳಗೆ ಬರೆದು ಸಹಿ ಹಾಕ್ತೀನಿ" ಅಂದರು. ಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ಎಲ್ಲರ ಎದುರು ಹೇಳಿದೆ. ಆವತ್ತಿನ ಒಂಬತ್ತು ಜನರಲ್ಲಿ ಈಗ ಆರು ಜನ ಇದ್ದಾರೆ. ನನ್ನ ಬಡ್ತಿ ವಿಷಯ ಏನಾಗುತ್ತೋ ಗೊತ್ತಿಲ್ಲ. ಮೇಲಿನವರು ನೋಡುತ್ತಿದ್ದಾರಂತೆ. ಹೆದರಿಕೆ ಇದೆ, ಇಲ್ಲ ಅನ್ನುವುದಿಲ್ಲ.

ಅವನಿಗೆ ಕಳಿಸಿದ್ದು ಇಷ್ಟು:

"ಆ ತಿಂಗಳ ವರದಿಯಲ್ಲಿ ತಪ್ಪು ಅಂಕಿ ಹಾಕಿದ್ದು ನಾನು. ನೀನು ಬಂದು ಕೇಳಿದೆ, ನಾನು ನೋಡದೆ ಸರಿ ಇದೆ ಅಂದೆ. ಮೀಟಿಂಗಿನಲ್ಲಿ ನನಗೆ ಎಲ್ಲಾ ಗೊತ್ತಿತ್ತು, ಸುಮ್ಮನೆ ಕೂತೆ. ಅದರಿಂದ ನಿನಗೆ ಎಚ್ಚರಿಕೆ ಪತ್ರ ಬಂತು, ಕೆಲಸ ಹೋಯಿತು. ನಾನು ತಪ್ಪು ಮಾಡಿದೆ. ಇದನ್ನು ಆಫೀಸಿಗೆ ಬರೆದು ಕೊಟ್ಟಿದ್ದೇನೆ, ಪ್ರತಿ ಇದರ ಜೊತೆ ಇದೆ. ಎಲ್ಲಿ ಬೇಕಾದರೂ ತೋರಿಸು. ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ."

ಎರಡು ದಿನ ಏನೂ ಬರಲಿಲ್ಲ. ಮೂರನೇ ದಿನ ಒಂದು ಸಾಲು ಬಂತು. "ಓದಿದೆ ಮೇಡಂ. ಪತ್ರ ಅಮ್ಮನಿಗೆ ತೋರಿಸಿದೆ."

ಹಳೆ_ಗುಮಾಸ್ತ
ಅಮ್ಮನಿಗೆ ತೋರಿಸಿದ. ಒಂದೂವರೆ ವರ್ಷ ಮನೆಯಲ್ಲೂ ಅವನ ಮಾತನ್ನು ಪೂರ್ತಿ ನಂಬಿರಲಿಲ್ಲವೇನೋ ಪಾಪ.

ಇಎಂಐ_ಅಪ್ಪ
ಮೇಡಂ, ಪಕ್ಕದ ಮೇಜಿನವರಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ.

ಆ_ಕಡೆಯವನು
ಓದಿದೆ. ಎಚ್ಚರಿಕೆ ಪತ್ರವನ್ನು ಕಡತದಿಂದ ತೆಗೆದರಾ?

ತಡವಾದ_ಮಾತು
ಇನ್ನೂ ಇಲ್ಲ ಸರ್. ಸೋಮವಾರ ಸಹಿ ಆಗುತ್ತೆ ಅಂದಿದ್ದಾರೆ. ಆಗದಿದ್ದರೆ ಮತ್ತೆ ಹೋಗಿ ಕೇಳುತ್ತೇನೆ. ಆದ ಕೂಡಲೇ ಇಲ್ಲಿ ಬರೆಯುತ್ತೇನೆ.